ಲಾಳಿಯ ಕುಬಸ

ಬೆಟಗೇರಿಯ ನೇಕಾರ ಓಣಿಯ ಚೌಡವ್ವನ ಮುತ್ತಜ್ಜ ಲಕ್ಷ್ಮಪ್ಪ, ತಾನೇ ನೇಯ್ದ ಸೀರೆಗಳ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದವನು. ಒಮ್ಮೆ ಹಮ್ಮಿಗಿಯ ಹತ್ತಿರ ತುಂಗಭದ್ರೆಯನ್ನು ದಾಟುವಾಗ ನಡುನೀರಿನಲ್ಲಿ ಹರಿಗೋಲು ಮಗುಚಿತು. ಲಕ್ಷ್ಮಪ್ಪ ಮೊದಲು ಸೀರೆಯ ಗಂಟನ್ನು ದಂಡೆಗೆ ಮುಟ್ಟಿಸಿದ. ಆಮೇಲೆ ತಿರುಗಿ ಈಜಿ ಹೋಗಿ ಅಂಬಿಗನನ್ನು ಜುಟ್ಟು ಹಿಡಿದು ಎಳೆದು ತಂದ. ನೀರು ಕಾರಿಕೊಂಡು ಎದ್ದ ಅಂಬಿಗ, "ಮನಷ್ಯಾನಕಿಂತ ಸೀರಿ ಹೆಚ್ಚಾತೇನಲೇ ನಿನಗ?" ಎಂದು ಜಗಳಕ್ಕೆ ನಿಂತರೆ ಲಕ್ಷ್ಮಪ್ಪ ತಣ್ಣಗೆ ಹೇಳಿದನಂತೆ: "ಸೀರಿಗೆ ಈಸು ಬರಂಗಿಲ್ಲೋ ತಮ್ಮಾ. ಅಂಬಿಗನಾಗಿ ಹುಟ್ಟಿ ನಿನಗೂ ಬರಂಗಿಲ್ಲ ಅಂತ ನನಗೇನ ಕನಸು ಬಿದ್ದಿತ್ತೇನು?"

ಆ ಲಕ್ಷ್ಮಪ್ಪನ ಸೊಸೆ ಹುಚ್ಚವ್ವ. ಪ್ಲೇಗಿನ ಕಾಲಕ್ಕೆ ಊರೆಲ್ಲ ಮನೆ ಬಿಟ್ಟು ಅಡವಿಯ ಗುಡಿಸಲು ಸೇರಿದಾಗ, ಮಂದಿ ಜೋಳದ ಚೀಲ ಹೊತ್ತರೆ ಈಕೆ ಮಗ್ಗವನ್ನು ಬಿಚ್ಚಿ ಹೊತ್ತಳು. ಹಿರೇಹಂದಿಗೋಳದ ಗೌಡರೊಬ್ಬರ ಹೊಲದಲ್ಲಿ ಯಾರನ್ನೂ ಕೇಳದೆ ಕಾಲು ಇಳಿಬಿಡುವಷ್ಟು ಆಳದ ಕುಣಿ ತೋಡಿ, ಮಗ್ಗ ಹೂಡಿ, ಪ್ಲೇಗು ಮುಗಿಯುವುದರೊಳಗೆ ಹನ್ನೊಂದು ಸೀರೆ ಇಳಿಸಿದಳು. ಊರಿಗೆ ಮರಳುವಾಗ ಮಗ್ಗ ತಂದಳೇ ಹೊರತು ಕುಣಿ ಮುಚ್ಚಲಿಲ್ಲ. ಮೊದಲ ವರ್ಷ ಅದರಲ್ಲಿ ಒಂದು ಎಮ್ಮೆ ಬಿತ್ತು, ಎರಡನೆಯ ವರ್ಷ ಒಬ್ಬ ಕಳ್ಳ ಬಿದ್ದ, ಮೂರನೆಯ ವರ್ಷ ಗೌಡರ ಹೊಸ ಅಳಿಯನೇ ಬಿದ್ದ.

ಹುಚ್ಚವ್ವನ ಮಗ ವೆಂಕಪ್ಪನದು ಇನ್ನೊಂದು ತೆರ. ಓಣಿಗೆ ಕರೆಂಟು ಬಂದಾಗ ಎಲ್ಲರೂ ಗುಂಡು ದೀಪಕ್ಕೆ ಕೈಮುಗಿದರು. ವೆಂಕಪ್ಪ ಮಾತ್ರ ತಂತಿ ಎಳೆಯಲು ಬಂದವರನ್ನು ಅಂಗಳದಿಂದಲೇ ಓಡಿಸಿದ. "ಮನಿಯಾಗ ಕರೆಂಟ ಬಂದ್ರ ನನ್ನ ಮಗ್ಗಕ್ಕೂ ಆಸೆ ಹುಟ್ಟತೈತಿ" ಎಂಬುದು ಅವನ ವಾದ. ಅವನು ಸತ್ತ ಹನ್ನೆರಡನೆಯ ದಿನವೇ ಮನೆಗೆ ದೀಪ ಬಂತು. ಮಗ್ಗ ಮಾತ್ರ ಇಂದಿಗೂ ಕೈಮಗ್ಗವೇ.

ಇಂಥ ಬೀಜದ ಬೆಳೆ ನಮ್ಮ ಚೌಡವ್ವ. ವಯಸ್ಸು ಅರವತ್ನಾಲ್ಕು. ವೆಂಕಪ್ಪನಿಗೆ ಒಬ್ಬಳೇ ಮಗಳಾದ್ದರಿಂದ ಗಂಡ ಪುಂಡಲೀಕಪ್ಪ ಮನೆಅಳಿಯನಾಗಿ ಬಂದವನು. ಅವನು ರಾಟಿ ತಿರುವಿ ನೂಲು ಸುತ್ತಿಕೊಡುತ್ತಾನೆ, ಈಕೆ ನೇಯುತ್ತಾಳೆ. ಇಬ್ಬರಿಗೂ ಮಕ್ಕಳಿಲ್ಲ. ಅದಕ್ಕಾಗಿ ಅತ್ತು ಕೂತವರೂ ಅಲ್ಲ. ಓಣಿಯಲ್ಲಿ ಯಾವ ಬಸುರಿಗೆ ಕುಬಸ ಮಾಡಿದರೂ ಮೊದಲ ಕರೆ ಚೌಡವ್ವನಿಗೆ. ಹಸಿರು ಸೀರೆ ಉಡಿಸಿ, ಕುಬಸವೆಂಬ ಹೊಸ ರವಿಕೆ ತೊಡಿಸಿ, ಉಡಿ ತುಂಬಿ, ಸೋಬಾನೆ ಹಾಡಲು ನಿಂತಳೆಂದರೆ ಆಕೆಯ ದನಿ ಗದಗಿನ ಸ್ಟೇಷನ್ನಿನವರೆಗೆ ಹೋಗುತ್ತಿತ್ತು. ಹಾಡು ಮುಗಿಸಿ ಮನೆಗೆ ಬಂದರೆ ಮಾತ್ರ ನೇರ ಮಗ್ಗಕ್ಕೆ ಕೂತು ಒಂದು ತಾಸು ತಲೆ ಎತ್ತದೆ ನೇಯುತ್ತಿದ್ದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಆ ಮನೆಯ ಪಡಸಾಲೆಯಲ್ಲಿ ಒಂದು ಕುಬಸವೂ ಆಗಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮಳೆಯ ದಿನ ಕೆಂಚು ಬಣ್ಣದ ಬೀದಿಮರಿಯೊಂದು ಒಳಗೆ ನುಗ್ಗಿ ಬಂದು ಮಗ್ಗದ ಕುಣಿಯಲ್ಲಿ ಬಿತ್ತು. ಕುಣಿಮಗ್ಗವೆಂದರೆ ನೇಕಾರ ನೆಲದ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುವ ಮಗ್ಗ. ಮೇಲೆ ಎತ್ತಿಬಿಟ್ಟರೂ ಮರಿ ಮತ್ತೆ ಮತ್ತೆ ಅದೇ ಕುಣಿಗೆ ಇಳಿಯಿತು. ಅದರ ಹೊಟ್ಟೆ ಅಂಗಾಲಿಗೆ ಬೆಚ್ಚಗೆ ತಗಲಿದಾಗ ಚೌಡವ್ವನ ಕಾಲುನೋವು ಅರ್ಧ ಇಳಿಯಿತು. "ಇರ್ಲಿ ಬಿಡ್ರಿ. ಮಂದಿ ಕಾಲಿಗೆ ಕಂಬಳಿ ಹೊಚ್ಕೊತಾರ, ನಾ ನಾಯಿ ಹೊಚ್ಕೊತೀನಿ" ಎಂದಳು. ಮನೆಯ ಈ ತುದಿಯಿಂದ ಆ ತುದಿಗೆ ಪುರಸೊತ್ತಿಲ್ಲದೆ ಓಡುವ ಆ ಮರಿಗೆ, ನೂಲು ಹೊತ್ತು ಮಗ್ಗದ ಎಡಕ್ಕೂ ಬಲಕ್ಕೂ ಓಡಾಡುವ ಲಾಳಿಯ ಹೆಸರನ್ನೇ ಇಟ್ಟರು. ಅಂದಿನಿಂದ ಚೌಡವ್ವ ನೇಯುವಾಗ ಲಾಳಿ ಕುಣಿಯಲ್ಲಿ, ಹಲಗೆಯ ಪಕ್ಕ, ಆಕೆಯ ಅಂಗಾಲಿಗೆ ಹೊಟ್ಟೆಯೊಡ್ಡಿ ಮಲಗುವುದು ಪದ್ಧತಿಯಾಯಿತು.

ಈ ವರ್ಷ ದೀಪಾವಳಿ ಕಳೆದ ಮೇಲೆ ಲಾಳಿ ಅನ್ನ ಬಿಟ್ಟಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೂ ಮೂಸಿ ಮುಖ ತಿರುಗಿಸಿತು. ನೀರು ಮಾತ್ರ ಕುಡಿದದ್ದೇ ಕುಡಿದದ್ದು. ಬಚ್ಚಲ ಕೊಡ ಖಾಲಿಯಾಯಿತು, ನೂಲಿಗೆ ಹಾಕುವ ಗಂಜಿಯ ಪಾತ್ರೆಗೂ ಮೂತಿ ಇಟ್ಟಿತು. ಚೌಡವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೊಸದಾಗಿ ದವಾಖಾನೆ ಇಟ್ಟ ಡಾಕ್ಟರ್ ಸುನಿಲಕುಮಾರನ ಹತ್ತಿರ ಹೋದಳು.

ಸುನಿಲಕುಮಾರ ಒಳ್ಳೆಯ ಹುಡುಗ. ಹಳ್ಳಿ ಹಳ್ಳಿ ತಿರುಗಿ ಎಮ್ಮೆ, ಆಕಳುಗಳ ಗಬ್ಬ ನೋಡಿ ಕೈ ಪಳಗಿಸಿಕೊಂಡವನು. ಹೊಟ್ಟೆಯ ಮೇಲೆ ಕೈ ಇಟ್ಟರೆ ಅವನ ಕೈಗೆ ಕರುವೇ ಸಿಗಬೇಕು, ಹಾಗೆ ಒಗ್ಗಿಹೋಗಿತ್ತು. ಲಾಳಿಯ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ನೋಡಿ, ನಕ್ಕು, "ಅವ್ವಾರ, ಮೊದಲ ಬಾಯಿ ಸಿಹಿ ಮಾಡ್ರಿ" ಎಂದ.

"ಯಾಕ್ರಿ?"

"ನಿಮ್ಮ ಲಾಳಿ ಬಸುರಿ ಅದಾಳ. ಐದು ವಾರ ಆಗಿರಬೇಕು. ಅದಕ್ಕ ಊಟ ಸೇರವಲ್ದು."

"ನೀರು ಹಿಂಗ್ಯಾಕ ಕುಡಿತಾಳ್ರಿ ಮತ್ತ?"

"ಒಬ್ಬರಿಗಲ್ಲರೀ, ನಾಕೈದು ಮಂದಿಗೆ ಕುಡೀಬೇಕಲ್ಲ! ನಾಯಿಗೆ ಒಂಬತ್ತು ವಾರ. ಇನ್ನೊಂದು ತಿಂಗಳಿಗೆ ಮನಿ ತುಂಬ ಮರಿ."

ಚೌಡವ್ವ ಹೋಗುವಾಗ ನಡೆದು ಹೋದದ್ದು ನಿಜ. ಬರುವಾಗ ನೆಲಕ್ಕೆ ಕಾಲು ಮುಟ್ಟಿತೋ ಇಲ್ಲವೋ ನೋಡಿದವರಿಲ್ಲ. ದಾರಿಯ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು, ಸಿಕ್ಕವರ ಬಾಯಿಗೆಲ್ಲ ಚಿಟಿಕೆ ಚಿಟಿಕೆ ಹಾಕುತ್ತ ಬಂದಳು. ಬಂದವಳು ನೇರ ಅಕ್ಬರಸಾಬನ ಬಾಗಿಲಿಗೆ ಹೋದಳು. ಅಕ್ಬರಸಾಬ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುವವನು, ಹಿತ್ತಲಿಗೆ ಹಿತ್ತಲು ತಾಗಿದ ನೆರೆಯವನು. ಅವನ ಗಂಡುನಾಯಿ ಶೇರುವಿನ ಮೇಲೆ ಆಕೆಗೆ ಮೊದಲಿನಿಂದಲೂ ಗುಮಾನಿ.

"ಅಕ್ಬರಣ್ಣಾ, ಬಾಯಿ ತೆರಿ."

"ಏನ್ ಖಬರ ಚೌಡಕ್ಕಾ?" ಎನ್ನುತ್ತ ಆತ ಬಾಯಿ ತೆರೆದ. ಸಕ್ಕರೆ ಬಿತ್ತು.

"ನೀ ಅಜ್ಜ ಆಗಾಕತ್ತೀದಿ."

ಅಕ್ಬರಸಾಬನ ಮಗಳ ಲಗ್ನವೇ ಇನ್ನೂ ಆಗಿರಲಿಲ್ಲ. ಸಕ್ಕರೆ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಹೆಂಡತಿ ಅಲ್ಮಾಸಬಿ ಓಡಿ ಬಂದು ಬೆನ್ನು ಗುದ್ದಿದಳು. ವಿಷಯ ತಿಳಿದ ಮೇಲೆ ಅಕ್ಬರಸಾಬ ಎದ್ದು ನಿಂತು ವಾದಕ್ಕೆ ಇಳಿದ: "ನಮ್ಮ ಶೇರೂನ ಹೆಸರು ಕೆಡಸಬ್ಯಾಡ. ಅದು ಸಂಭಾವಿತ ನಾಯಿ. ಇವತ್ತಿನ ತನಕ ಗ್ವಾಡಿ ದಾಟಿದ್ದಿಲ್ಲ."

ಅಷ್ಟು ಹೇಳುವುದರೊಳಗೆ ಶೇರು ಚೌಡವ್ವನ ಹಿತ್ತಲಿನಿಂದ ಗೋಡೆ ಹಾರಿ ಬಂದು ಯಜಮಾನನ ಕಾಲ ಬಳಿ ಬಾಲ ಆಡಿಸುತ್ತ ಕೂತಿತು.

"ನೋಡ್ರಿ, ಸಾಕ್ಷಿ ತಾನ ನಡ್ಕೊಂಡ ಬಂತು" ಎಂದಳು ಅಲ್ಮಾಸಬಿ. "ಚೌಡಕ್ಕಾ, ಹೆಣ್ಣಿನ ಕಡ್ಯಾರು ನೀವು, ಗಂಡಿನ ಕಡ್ಯಾರು ನಾವು. ಇವತ್ತಿನಿಂದ ಬೀಗರು!"

ಅಂದಿನಿಂದ ಓಣಿಯಲ್ಲಿ ಬೀಗತನದ ಚೇಷ್ಟೆಯೋ ಚೇಷ್ಟೆ. "ಏನ್ರಿ ಬೀಗರ, ಸೊಸಿ ಹೆಂಗದಾಳ?" ಎಂದು ಇವನು ಗಾಡಿಯಿಂದ ಕೂಗುವುದು, "ಸೊಸೀನ ನೋಡಾಕ ಬರಿಗೈಲೆ ಬರೂದೇನ್ರಿ ನಿಮ್ಮ ಪದ್ಧತಿ?" ಎಂದು ಈಕೆ ಮಗ್ಗದಿಂದಲೇ ಉತ್ತರ ಕೊಡುವುದು. ಚೌಡವ್ವ ಕುಬಸ ಮಾಡುವುದೆಂದು ಸಾರಿದಳು. ಎಷ್ಟನೆಯ ತಿಂಗಳಿಗೆ ಎಂಬ ಪ್ರಶ್ನೆ ಬಂದಾಗ ಪುಂಡಲೀಕಪ್ಪ ರಾಟಿ ನಿಲ್ಲಿಸಿ ಲೆಕ್ಕ ಹಾಕಿದ.

"ನಿಮಗ ಒಂಬತ್ತು ತಿಂಗಳು, ಅದಕ್ಕ ಒಂಬತ್ತು ವಾರ. ಅಂದ್ರ ಒಂದು ವಾರ ಅಂದ್ರ ಒಂದು ತಿಂಗಳು. ಏಳನೇ ತಿಂಗಳ ಕುಬಸ ಏಳನೇ ವಾರಕ್ಕ."

"ಹೌದ್ರಿ! ಮನಿಯಾಗ ಇಷ್ಟ ಶಾಣ್ಯಾ ಇಟ್ಕೊಂಡು ನಾ ಊರೆಲ್ಲ ಕೇಳಾಕತ್ತಿದ್ದೆ" ಎಂದು ಹೆಂಡತಿ ಅವನ ಬಾಯಿಗೂ ಸಕ್ಕರೆ ಹಾಕಿದಳು. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ" ಎಂದು ಓಣಿಯ ಯಾರೋ ಅಣಕಿಸಿದರೆ, "ನಾವು ಹೊಲಿಸೂ ಮಂದಿ ಅಲ್ಲವಾ, ನೇಯೂ ಮಂದಿ" ಎಂದು ಬಾಯಿ ಮುಚ್ಚಿಸಿದಳು. ಅಂದಂತೆಯೇ ಮಾಡಿದಳು. ನೇಕಾರರ ಸೊಸೈಟಿಗೆ ಕೊಡಬೇಕಾದ ಸೀರೆಯನ್ನು ಅರ್ಧಕ್ಕೆ ನಿಲ್ಲಿಸಿ, ಹಸಿರು ಮೈಗೆ ಕೆಂಪು ಅಂಚು ಕೊಟ್ಟು, ನಾಯಿಯ ಎದೆಯಳತೆಗೆ ಒಂದು ಗೇಣಗಲದ ಕುಬಸದ ಬಟ್ಟೆ ನೇಯಲು ಕೂತಳು. ನಲವತ್ತೆರಡು ವರ್ಷ ಮಂದಿಯ ಮನೆಯಲ್ಲಿ ಹಾಡಿದ ಹಾಡುಗಳನ್ನೆಲ್ಲ ಆ ಒಂದು ಗೇಣು ನೇಯುವಾಗ ಮೊದಲಿನಿಂದ ಕೊನೆಯವರೆಗೆ ಹಾಡಿದಳು.

ಆದರೆ ನೇಯುವಾಗ ಕಾಲು ಸುಮ್ಮನಿರುವುದಿಲ್ಲ. ಹಲಗೆ ತುಳಿಯುವ ಅಂಗಾಲಿಗೆ ಎಲ್ಲವೂ ತಿಳಿಯುತ್ತದೆ. ಮೇಲೆ ಒಂದು ಎಳೆ ಹರಿದರೂ ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಆರನೆಯ ವಾರ ತುಂಬಿದ ಮೇಲೆ ಚೌಡವ್ವ ಅಂಗಾಲನ್ನು ಲಾಳಿಯ ಹೊಟ್ಟೆಗೆ ಒತ್ತಿಟ್ಟು ಕಾಯತೊಡಗಿದಳು. ಒಂದು ಒದೆತ, ಒಂದು ಹೊರಳು, ಏನಾದರೂ. ಹೊಟ್ಟೆ ದಿನದಿನಕ್ಕೂ ಉಬ್ಬುತ್ತಿತ್ತು, ಕಾದ ಹಂಚಿನ ಹಾಗೆ ಬಿಸಿಯಾಗಿತ್ತು, ಒಳಗೆ ಮಾತ್ರ ನಿಂತ ಕೆರೆಯ ನೀರು. ಲಾಳಿ ಈಗ ಕುಣಿಯಿಂದ ಮೇಲೆ ಹತ್ತಲಾರದೆ ಏದುಸಿರು ಬಿಡುತ್ತಿತ್ತು. ಡಾಕ್ಟರನಿಗೆ ಫೋನು ಹಚ್ಚಿದರೆ, "ಏಳು ತಿಂಗಳ ಬಸುರಿ ಓಡತಾಳೇನ್ರಿ ಅವ್ವಾರ? ಸಹಜ ಐತಿ" ಎಂದ. ಆ ಮಾತು ಆಕೆಗೆ ಬೇಕಾಗಿತ್ತು. ಕಾಲು ಒಂದು ಹೇಳಿತು, ಕಿವಿ ಒಂದು ಕೇಳಿತು. ಆಕೆ ಕಿವಿಯ ಮಾತು ನಂಬಿದಳು.

ಶುಕ್ರವಾರ ಹನ್ನೊಂದು ಗಂಟೆಗೆ ಕುಬಸ. ಪಡಸಾಲೆಗೆ ತೋರಣ, ಬಾಗಿಲಿಗೆ ರಂಗೋಲಿ. ಮಣೆಯ ಮೇಲೆ ಲಾಳಿ, ಮೈಗೆ ಹಸಿರು ಕುಬಸ, ಕೊರಳಿಗೆ ಮಲ್ಲಿಗೆ ದಂಡೆ, ಹಣೆಗೆ ಕುಂಕುಮ. ಅಲ್ಮಾಸಬಿ ಊರೆಲ್ಲ ಹುಡುಕಿ ಹಸುಗೂಸಿನ ಅಳತೆಯ ಹಸಿರು ಬಳೆ ತಂದು ಮುಂಗಾಲಿಗೆ ಏರಿಸಿದಳು. ಹೋಳಿಗೆ, ಕಡಬು, ಸಜ್ಜೆರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ಐದೂ ಬಗೆ ಬುಟ್ಟಿ ತುಂಬಿ ಕಾದಿದ್ದವು. ಮುಖ್ಯ ಅತಿಥಿಯಾಗಿ ಡಾಕ್ಟರ್ ಸುನಿಲಕುಮಾರ ಬಂದಿದ್ದ. ಅವನಿಗೆ ಶಾಲು ಹೊದಿಸಿ, ಹಣೆಗೆ ಕುಂಕುಮ ಹಚ್ಚಿ, ಎಲೆ ಹಾಕಿ ಕೂರಿಸಿದ್ದರು. ಗಂಡಿನ ಕಡೆಯವನಾಗಿ ಶೇರು ಬಾಗಿಲಲ್ಲಿ ಕೂತು ಹೋಳಿಗೆಯ ಬುಟ್ಟಿಯನ್ನೇ ನೋಡುತ್ತಿತ್ತು.

ಉಡಿ ತುಂಬಲು ಬರಬೇಕಾದವಳು ಯಳವತ್ತಿಯ ಹನಮಂತವ್ವ. ಚೌಡವ್ವನ ತಾಯಿಯ ಕಡೆಯ ನಂಟು, ಎಂಬತ್ತು ದಾಟಿದ ಸೂಲಗಿತ್ತಿ. ಸುತ್ತಲಿನ ಹಳ್ಳಿಗಳಲ್ಲಿ ಈಗ ಮೀಸೆ ತಿರುವುವವರೆಲ್ಲ ಒಂದು ಕಾಲಕ್ಕೆ ಆಕೆಯ ಕೈಗೆ ಬಿದ್ದವರೇ. ಬಸ್ಸಿಳಿದು ಬಂದವಳೇ ಮಣೆಯ ಮೇಲಿನ ನಾಯಿಯನ್ನು ನೋಡಿ ಸೊಂಟ ಹಿಡಿದುಕೊಂಡು ನಕ್ಕಳು.

"ಅಯ್ಯ ನಿಮ್ಮ! ಏಳನೂರು ಹೆರಿಗಿ ಮಾಡೇನಿ, ಬಾಲ ಇದ್ದ ಬಸುರಿಗೆ ಉಡಿ ತುಂಬಾಕ ಈಗ ಕರದೀರಿ ನೋಡ್ರಿ!"

ಸುನಿಲಕುಮಾರ ಹೋಳಿಗೆ ಅಗಿಯುತ್ತ ಅಲ್ಲಿಂದಲೇ ಸವಾಲು ಎಸೆದ: "ಅಜ್ಜೀ, ಹೊಟ್ಟಿ ಮುಟ್ಟಿ ಎಷ್ಟು ಮರಿ ಹೇಳ್ರಿ ನೋಡೂಣು. ನಾ ನಾಕು ಅಂತೀನಿ."

"ಹೇಳ್ತೀನಿ ತಡಿಯೋ ಡಾಕ್ಟರಾ" ಎಂದು ಮುದುಕಿ ಸೀರೆಯ ಸೆರಗು ಸಿಕ್ಕಿಸಿ ಕೂತಳು. ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಲಾಳಿಯ ಹೊಟ್ಟೆಯ ಮೇಲಿಟ್ಟಳು. ಹೆಂಗಸರು ಸೋಬಾನೆ ಎತ್ತಿದ್ದರು. ಹನಮಂತವ್ವನ ಕೈ ಒಮ್ಮೆ ಕೆಳಗೆ ಹೋಯಿತು, ಒಮ್ಮೆ ಮೇಲೆ ಬಂತು, ನಡುವೆ ನಿಂತಿತು. ಮುಖದ ನಗು ಹಾಗೆಯೇ ಆರಿತು.

"ಹಾಡು ನಿಂದರಸ್ರಿ" ಎಂದಳು. ನಿಂತಿತು.

"ಇದರಾಗ ಮರಿ ಇಲ್ಲ."

"ಏ ಅಜ್ಜೀ, ಏಳು ವಾರ ಆಗೈತಿ..." ಎಂದ ಸುನಿಲಕುಮಾರ.

"ಏಳು ವಾರ ಆಗಿದ್ರ ಸಣ್ಣ ಸಣ್ಣ ತಲಿ, ಬೆನ್ನೆಲುಬು ಕೈಗೆ ಹತ್ತಬೇಕೋ ಇಲ್ಲೋ? ಇದು ನೀರು ತುಂಬಿದ ಚೀಲ ಆಗೈತಿ. ಮೈ ಕೆಂಡದಂಗ ಸುಡಾಕತ್ತೈತಿ. ಬಸುರಲ್ಲ ಇದು, ಬ್ಯಾನಿ." ಆಕೆ ಚೌಡವ್ವನ ಕಡೆ ತಿರುಗಿದಳು. "ದಿನಾ ನಿನ್ನ ಕಾಲಬುಡಕ ಮಲಗತೈತಲ್ಲ, ಒಂದರ ಸಲ ಒದ್ದೈತೇನ ಹೇಳು?"

ಕುಬಸಕ್ಕೆ ಕೂಡಿದ ಮೂವತ್ತು ಮಂದಿ ಚೌಡವ್ವನ ಬಾಯಿಯನ್ನೇ ನೋಡಿದರು. ಆಕೆಗೆ ಆ ಗಳಿಗೆಯಲ್ಲಿ ಎರಡೇ ದಾರಿ ಇದ್ದವು. ಹೌದು ಎಂದರೆ ಹಬ್ಬ ಮುಂದುವರಿಯುತ್ತದೆ. ಇಲ್ಲ ಎಂದರೆ ಊರಿನ ಬಾಯಿಗೆ ವರ್ಷಕ್ಕಾಗುವಷ್ಟು ನಗು.

"ಇಲ್ಲ" ಎಂದಳು. "ಒಂದೂ ಸಲ ಒದ್ದಿಲ್ಲ. ಎಂಟು ದಿನದಿಂದ ನನಗ ಗೊತ್ತೈತಿ. ಕಾಲು ಹೇಳಾಕತ್ತಿತ್ತು, ನಾ ಕೇಳಲಿಲ್ಲ. ಎತ್ತು ಈಯ್ತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ ಆತು ನನ್ನ ಬಾಳೇವು!"

ಸುನಿಲಕುಮಾರನ ಕೈಯ ಹೋಳಿಗೆ ಎಲೆಗೆ ಬಿತ್ತು. ಎದ್ದು ಬಂದು ಲಾಳಿಯ ತುಟಿ ಎತ್ತಿ ಒಸಡು ನೋಡಿದ. ಸುಣ್ಣದ ಹಾಗೆ ಬಿಳಿ. ಜ್ವರ ನೋಡಿದ. ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. "ಅವ್ವಾರ, ನಾ ಕುರುಡ ಆಗಿದ್ದೆ. ಗರ್ಭಕೋಶದಾಗ ಕೀವು ತುಂಬಿರಬೇಕು. ನನ್ನ ಕಡೆ ಸ್ಕ್ಯಾನ್ ಮಷೀನ್ ಇಲ್ಲ. ಲಕ್ಷ್ಮೇಶ್ವರದಾಗ ನಮ್ಮ ಕಾಲೇಜಿನ ಸೀನಿಯರ್ ಮೇಡಂ ಅದಾರ, ಆಪರೇಷನ್ನೂ ಮಾಡತಾರ. ಈಗಿಂದೀಗ ಹೋಗಬೇಕು" ಎಂದು ಫೋನು ಕಿವಿಗಿಟ್ಟ.

ಅಕ್ಬರಸಾಬ ಆಗಲೇ ಟಂಟಂ ಬಾಗಿಲಿಗೆ ತಂದು ನಿಲ್ಲಿಸಿದ್ದ. "ಹತ್ರಿ ಬೀಗರ, ಜಲ್ದಿ!"

ಹತ್ತಿದವರು ಎಷ್ಟು ಮಂದಿ ಎಂಬುದಕ್ಕೆ ಲೆಕ್ಕವಿಲ್ಲ. ಲಾಳಿಯನ್ನು ಮಡಿಲಲ್ಲಿ ಹಾಕಿಕೊಂಡು ಚೌಡವ್ವ, ಪಕ್ಕಕ್ಕೆ ಪುಂಡಲೀಕಪ್ಪ, ಎದುರಿಗೆ ಹನಮಂತವ್ವ, ಶಾಲು ಕುಂಕುಮದಲ್ಲೇ ಡಾಕ್ಟರ್, ಮುಂದೆ ಅಲ್ಮಾಸಬಿ, ಸಂದಿಗೊಬ್ಬರಂತೆ ಹಾಡುವ ಹೆಂಗಸರು. "ಉಣ್ಣೂದು ಎಲ್ಲಿದ್ರೂ ಉಣ್ಣಬೇಕು" ಎಂದು ಹನಮಂತವ್ವ ಊಟದ ಬುಟ್ಟಿಗಳನ್ನೂ ಏರಿಸಿಬಿಟ್ಟಿದ್ದಳು. ಗಾಡಿ ಊರು ದಾಟಿದ ಮೇಲೆ ಮುದುಕಿ ಗದರಿಸಿದಳು: "ಯಾಕ ಸುಮ್ಮನ ಕುಂತೀರಿ? ಅರ್ಧಕ್ಕ ಬಿಟ್ಟ ಸೋಬಾನಿ ಮುಗಸ್ರಿ. ನೀವು ಹೆಣದಂಗ ಕುಂತ್ರ ಅದು ಅಂಜತೈತಿ."

ಅವರು ಹಾಡಿದರು. ಮುಳಗುಂದ ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂದು ಗಾಡಿ ನಿಂತಿತು. ಕುರುಬನೊಬ್ಬ ಬಗ್ಗಿ ನೋಡಿದ. ಮಲ್ಲಿಗೆ ಮುಡಿದ ನಾಯಿ, ಶಾಲು ಹೊದ್ದ ಹುಡುಗ, ಕಣ್ಣೀರು ಒರೆಸಿಕೊಳ್ಳುತ್ತ ಸೋಬಾನೆ ಹಾಡುವ ಹೆಂಗಸರು.

"ಇದ್ಯಾವ ದಿಬ್ಬಣರಿ ಯಪ್ಪಾ?"

"ನಮ್ಮ ಸೊಸಿ! ದವಾಖಾನಿಗೆ ಒಯ್ಯಾಕತ್ತೀವಿ, ನಿನ್ನ ಕುರಿ ತಗಿಯೋ ಮಾರಾಯಾ!" ಎಂದು ಅಕ್ಬರಸಾಬ ಹಾರ್ನ್ ಒತ್ತಿದ. ಕುರುಬ ಡಾಕ್ಟರನನ್ನೇ ಆ ಸೊಸೆಯ ಗಂಡನೆಂದು ತಿಳಿದು, "ಯಾಡೂ ಜೀವ ಸುಖವಾಗಿರಲಿ" ಎಂದು ಹರಸಿ ಹಿಂಡು ಸರಿಸಿದ. ಆ ಸಂಕಟದಲ್ಲೂ ಚೌಡವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ನಗುತ್ತಲೇ ಅತ್ತಳು, ಲಾಳಿ ಕಣ್ಣು ಅರ್ಧ ತೆರೆದು ಆಕೆಯ ಕೈ ನೆಕ್ಕಿತು.

ಲಕ್ಷ್ಮೇಶ್ವರದ ಡಾಕ್ಟರ್ ಸೌಂದರ್ಯಾ ಬಾಗಿಲಲ್ಲೇ ಕಾದಿದ್ದಳು. ಟಂಟಂನಿಂದ ಇಳಿದ ಮೆರವಣಿಗೆಯನ್ನು ಸರಿಸಿ ಲಾಳಿಯನ್ನು ಮೇಜಿನ ಮೇಲೆ ಮಲಗಿಸಿಕೊಂಡಳು. ಬಳೆ ತೆಗೆದಳು, ದಂಡೆ ತೆಗೆದಳು, ಕುಬಸ ಬಿಚ್ಚಿದಳು. ಸ್ಕ್ಯಾನಿನ ತೆರೆಯ ಮೇಲೆ ಮರಿ ಇರಬೇಕಾದ ಜಾಗದಲ್ಲಿ ಕರಿ ನೀರಿನ ಗುಂಡಿಗಳ ಸಾಲು ಕಂಡಿತು.

"ಪೂರಾ ಕೀವು" ಎಂದಳು ಸೌಂದರ್ಯಾ. "ಇವತ್ತ ಗರ್ಭಕೋಶ ತಗೀಬೇಕು. ನಾಳೆ ಅಂದ್ರ ಒಳಗ ಒಡೀತೈತಿ, ಆಮೇಲೆ ಯಾರ ಕೈಯಾಗೂ ಇಲ್ಲ. ಈಗೂ ಧೈರ್ಯ ಹೇಳಾಕ ಆಗಂಗಿಲ್ಲಮ್ಮಾ, ಭಾಳ ತಡ ಆಗೈತಿ. ಉಳದ್ರೂ ಮುಂದ ಎಂದೂ ಮರಿ ಆಗಂಗಿಲ್ಲ."

"ಮರಿ ಯಾರಿಗೆ ಬೇಕಾಗ್ಯಾವ್ರಿ?" ಚೌಡವ್ವ ಲಾಳಿಯ ತಲೆಯ ಮೇಲೆ ಕೈಯಿಟ್ಟಳು. "ನನಗ ಬೇಕಾದಾಕಿ ಈಕಿ. ಕೊಯ್ರಿ, ಹೊಲೀರಿ, ಏನರ ಮಾಡ್ರಿ. ಈಕೀನ್ನ ಉಳಿಸಿ ಕೊಡ್ರಿ."

ಸುನಿಲಕುಮಾರ ಶಾಲು ತೆಗೆದಿಟ್ಟು, ಕೈ ತೊಳೆದುಕೊಂಡು ಸೌಂದರ್ಯಾಳ ಜೊತೆ ಒಳಗೆ ಹೋದ. ಬಾಗಿಲು ಮುಚ್ಚಿತು.

ಹೊರಗೆ ಬೇವಿನ ಗಿಡದ ಕೆಳಗೆ ಹನಮಂತವ್ವ ಬುಟ್ಟಿ ಬಿಚ್ಚಿದಳು. ಆಡು ತಂದವರು, ಕರು ತಂದವರು, ಕೋಳಿ ತಂದವರು, ಎಲ್ಲರಿಗೂ ಕುಬಸದ ಊಟ. ಶಿರಹಟ್ಟಿಯಿಂದ ಎಮ್ಮೆ ಹೊಡೆದುಕೊಂಡು ಬಂದ ರೈತನೊಬ್ಬ ಮೂರನೆಯ ಹೋಳಿಗೆ ಮುರಿಯುತ್ತ, "ಯಾರ ಕುಬಸ ಅಂದ್ರಿ?" ಎಂದು ಕೇಳಿದ. "ಆಪರೇಷನ್ ಆಗಾಕತ್ತೈತಲ್ಲ, ಆ ನಾಯೀದು. ಬಸುರಿ ಅಲ್ಲ ಆಕಿ" ಎಂದ ಪುಂಡಲೀಕಪ್ಪ. ರೈತ ಮುರಿದ ತುಂಡನ್ನು ಬಾಯಿಗೆ ಹಾಕಿಕೊಂಡು, "ಏನರ ಇರಲಿ, ಹೂರಣ ಚೊಲೋ ಆಗೈತಿ" ಎಂದ. ಗಿಡದ ಕೆಳಗೆ ನಗುವೋ ನಗು.

ಚೌಡವ್ವ ಮಾತ್ರ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದಳು. ಎಲೆ ಮುಟ್ಟಲಿಲ್ಲ. ಬೆಂಚಿನ ಕೆಳಗೆ ಆಕೆಯ ಎರಡೂ ಕಾಲು ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಡುತ್ತಿದ್ದವು, ಎಡ, ಬಲ, ಎಡ, ಬಲ, ಇಲ್ಲದ ಹಲಗೆಯನ್ನು ತುಳಿಯುವ ಹಾಗೆ. ಅಲ್ಮಾಸಬಿ ಬಂದು ಪಕ್ಕದಲ್ಲಿ ಕೂತು ಆಕೆಯ ಮೊಣಕಾಲಿನ ಮೇಲೆ ಕೈಯಿಟ್ಟಳು. ಕಾಲು ನಿಲ್ಲಲಿಲ್ಲ. ಅಲ್ಮಾಸಬಿಯೂ ಕೈ ತೆಗೆಯಲಿಲ್ಲ.

ಎರಡು ತಾಸು ಕಳೆದ ಮೇಲೆ ಬಾಗಿಲು ತೆರೆಯಿತು. ಸೌಂದರ್ಯಾಳ ಕೈಯಲ್ಲಿ ಒಂದು ಬೋಗುಣಿ ಇತ್ತು. "ಇಷ್ಟು ವಿಷ ಹೊತ್ಕೊಂಡು ತಿರಗಿದ್ದಳಮ್ಮಾ ನಿಮ್ಮಾಕಿ. ಗಟ್ಟಿ ಜೀವ" ಎಂದಳು. ಹಿಂದೆ ಸುನಿಲಕುಮಾರ ಬೆವರಿನಲ್ಲಿ ತೊಯ್ದು ನಿಂತಿದ್ದ. ಹಣೆಯ ಕುಂಕುಮ ಇಳಿದು ಮೂಗಿನ ತುದಿಗೆ ಬಂದಿತ್ತು.

ಚೌಡವ್ವ ಒಳಗೆ ಹೋಗಿ ಮೇಜಿನ ಪಕ್ಕ ನಿಂತಳು. ಲಾಳಿ ನಾಲಿಗೆ ಹೊರಚೆಲ್ಲಿ, ಹೊಟ್ಟೆಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿತ್ತು. ಆಕೆ ಕರೆಯಲಿಲ್ಲ, ಕೂಗಲಿಲ್ಲ. ಚಪ್ಪಲಿ ಬಿಟ್ಟ ಬರಿಗಾಲನ್ನು ನೆಲಕ್ಕೆ ಮೆಲ್ಲಗೆ ಬಡಿದಳು, ಮಗ್ಗದಲ್ಲಿ ಬಡಿಯುವ ಅದೇ ಲಯಕ್ಕೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಿವಿ ಎದ್ದಿತು. ಬಾಲದ ತುದಿ ಮೇಜಿನ ಮೇಲೆ ಒಮ್ಮೆ ಟಪ್ಪೆಂದಿತು.

"ಬಾಲ ಆಡಸಿದ್ಲು!" ಎಂದು ಕಿಟಕಿಯಿಂದ ಇಣುಕುತ್ತಿದ್ದ ಪುಂಡಲೀಕಪ್ಪ ಕೂಗಿದ. ಹೊರಗೆ ಸೋಬಾನೆಯೇ ಎದ್ದಿತು. ಶಿರಹಟ್ಟಿಯ ರೈತನೂ ದನಿಗೂಡಿಸಿದ. ಎಮ್ಮೆಯೂ ಕೂಗಿತು. ಅಕ್ಬರಸಾಬ ಎರಡೂ ಕೈ ಮೇಲೆತ್ತಿ ಎಲ್ಲರೆದುರು ಸಾರಿದ: "ಎಲ್ಲಾರೂ ಕೇಳ್ರಿ! ಬಸುರ ಇದ್ದಿದ್ದಿಲ್ಲ ಅಂದ ಮ್ಯಾಲೆ ನಮ್ಮ ಶೇರೂಂದು ಏನೂ ತಪ್ಪಿಲ್ಲ! ನಿರ್ದೋಷಿ!"

"ಹಂಗಂದ್ರ ನಾವು ಬೀಗರಲ್ಲೇನು?" ಎಂದಳು ಅಲ್ಮಾಸಬಿ, ಮುಖ ಸಣ್ಣ ಮಾಡಿಕೊಂಡು.

"ಬೀಗತನ ಮಾಡೀವಿ, ಊಟಾನೂ ಆಗೈತಿ" ಎಂದಳು ಚೌಡವ್ವ ಒಳಗಿನಿಂದಲೇ. "ಉಂಡ ಮ್ಯಾಲೆ ಯಾವ ಬೀಗರು ತಿರಗಿ ಹೋಗತಾರ?"

ಎರಡು ದಿನ ಲಾಳಿಯನ್ನು ಅಲ್ಲೇ ಇಟ್ಟುಕೊಂಡು ಸೌಂದರ್ಯಾ ಸಲಾಯಿನ್ ಏರಿಸಿದಳು. ಚೌಡವ್ವ ಅಲ್ಲಿಂದ ಕದಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಲಾಳಿ ಎರಡು ತುತ್ತು ಅನ್ನ ತಿಂದಿತು, ಊರಿಗೆ ಹೋಗಲು ಅಪ್ಪಣೆಯಾಯಿತು. ಕರೆದೊಯ್ಯಲು ಅಕ್ಬರಸಾಬನ ಜೊತೆ ಸುನಿಲಕುಮಾರನೂ ಬಂದಿದ್ದ. ಎರಡು ದಿನದಲ್ಲಿ ಹುಡುಗನ ಮುಖ ಬಾಡಿ ಹೋಗಿತ್ತು. ಚೌಡವ್ವ ಲಾಳಿಯನ್ನು ಎದೆಗೊತ್ತಿ ಎತ್ತಿಕೊಂಡು ಹೊರಗೆ ಬಂದಾಗ ಅವನು ಅಡ್ಡ ಬಂದು ಎರಡೂ ಕೈ ಚಾಚಿದ.

"ಅವ್ವಾರ, ತಪ್ಪು ನಂದು. ಹೊಲಿಗಿ ಬಿಚ್ಚೂ ತನಕ, ಹತ್ತು ದಿನ, ಇದು ನನ್ನ ದವಾಖಾನ್ಯಾಗ ಇರಲಿ. ಗಾಯ ತೊಳಿಯೂದು, ಔಷಧ ಹಾಕೂದು, ಹೊರಗ ಒಯ್ಯೂದು, ಎಲ್ಲಾ ನಾನ ಮಾಡತೀನಿ. ನೀವು ಆರಾಮ ಮಗ್ಗದ ಮ್ಯಾಲೆ ಕುಂಡ್ರಿ. ಇಲ್ಲಿ ಕೊಡ್ರಿ, ನಾ ಎತ್ಕೊತೀನಿ."

ಚೌಡವ್ವ ಒಂದು ಹೆಜ್ಜೆ ಹಿಂದೆ ಸರಿದು, ಲಾಳಿಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

"ಬ್ಯಾಡ್ರಿ ಡಾಕ್ಟರ. ನಿಮ್ಮ ಮ್ಯಾಲೆ ಸಿಟ್ಟೇನಿಲ್ಲ, ದೇವರಾಣಿ. ಯಾವ ಹೊತ್ತಿಗೆ ಯಾವ ಔಷಧ ಅಂತ ಒಂದು ಚೀಟಿ ಬರದು ಕೊಡ್ರಿ, ನಮ್ಮ ಮನಿಯವರು ಓದತಾರ. ಗಾಯ ತೊಳಿಯಾಕ ನನಗ ಬರತೈತಿ, ಹೊರಗ ಒಯ್ಯಾಕ ಕೈ ಅದಾವ, ಹತ್ತು ದಿನ ಮಗ್ಗ ನಿಂತ್ರ ಊರೇನ ಬತ್ತಲೆ ತಿರಗಂಗಿಲ್ಲ. ಈಕೀನ್ನ ನಾ ಯಾರ ಕೈಯಾಗೂ ಕೊಡಂಗಿಲ್ಲ. ನೀವು ಹೋಗ್ರಿ, ನಿಮ್ಮ ದವಾಖಾನಿ ಬಾಗಿಲ್ದಾಗ ಬ್ಯಾರೇ ನಾಯಿ ಕಾಯ್ತಿರತಾವ. ಅವನ್ನ ನೋಡ್ರಿ. ಚೊಲೋತಂಗ ನೋಡ್ರಿ."